ನೀರು ಕಾಯಿಸುವುದು, ನೀರು ಕಾಯುವುದು

ಹುಬ್ಬಳ್ಳಿಯ ವಿದ್ಯಾನಗರದ ಹಳೆಯ ಬಂಗಲೆಗಳ ಹಿತ್ತಲಿಗೆ ಇಣುಕಿದರೆ ತಾಮ್ರದ ಬಂಬ ಇನ್ನೂ ಅಲ್ಲೊಂದು ಇಲ್ಲೊಂದು ಕಣ್ಣಿಗೆ ಬೀಳುತ್ತದೆ. ಹೆಚ್ಚಿನವು ಕೆಲಸ ಬಿಟ್ಟು ಎಷ್ಟೋ ವರ್ಷವಾಯಿತು. ಕೆಲವುಗಳಲ್ಲಿ ಮನಿಪ್ಲಾಂಟ್ ಬೆಳೆದಿದೆ, ಕೆಲವು ಹುಣಸೆಹಣ್ಣು ಹಚ್ಚಿ ತಿಕ್ಕಿಸಿಕೊಂಡು ಹಾಲ್‌ನ ಮೂಲೆಯಲ್ಲಿ ಅಲಂಕಾರಕ್ಕೆ ಕೂತಿವೆ, ಉಳಿದವು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿವೆ. ಮಾಳಿಗೆಯ ಮೇಲೆ ಸೋಲಾರ್ ಬಂದ ಮೇಲೆ ಬೆಳಗ್ಗೆ ಎದ್ದು ಬಂಬಕ್ಕೆ ಉರಿ ಹಾಕುವ ಕೆಲಸ ಯಾರಿಗೂ ಬೇಕಾಗಲಿಲ್ಲ.

ಅದೇ ಮನೆಗಳಲ್ಲಿ ಈಗ ಹೊಸದೊಂದು ಆಸೆ ಹುಟ್ಟಿದೆ. ದಾಂಡೇಲಿಯ ರೆಸಾರ್ಟಿನಲ್ಲೋ ಅಮೆರಿಕದ ಮಗನ ಮನೆಯ ಹಿಂದೆಯೋ ಕಂಡು ಬಂದ ಹಾಟ್ ಟಬ್ ನಮ್ಮ ಹಿತ್ತಲಲ್ಲೂ ಇರಲಿ ಎಂಬ ಆಸೆ. ಕುತ್ತಿಗೆಯವರೆಗೆ ಬಿಸಿನೀರಲ್ಲಿ ಮುಳುಗಿ ಕೂಡುವ ಸುಖಕ್ಕೆ ಮಂಡಿನೋವಿನ ವಯಸ್ಸಿನವರು ಸೋಲುವುದು ಸಹಜ. ಅಂಗಡಿಯದು ದುಬಾರಿ, ಮನೆಯಲ್ಲೇ ಕಟ್ಟಿಸಬಹುದೇ ಎಂದು ಕೇಳುವವರಿಗೆ ನನ್ನ ಉತ್ತರ: ಧಾರಾಳವಾಗಿ ಕಟ್ಟಿಸಬಹುದು. ಆದರೆ ಎಲ್ಲರೂ ಮೊದಲು ಕೇಳುವುದು ‘ನೀರು ಹೇಗೆ ಕಾಯಿಸೋದು?’ ಎಂದು. ಅದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಕಾದ ನೀರು ನಾಲ್ಕು ದಿನ ನಿಂತರೆ ಏನಾಗುತ್ತದೆ, ನಿಲ್ಲಿಸದೆ ಬಿಟ್ಟರೆ ಮತ್ತೆ ತುಂಬಲು ನೀರೆಲ್ಲಿ ಎಂಬುದು ಹುಬ್ಬಳ್ಳಿಯವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ.

ನಮ್ಮ ಬಚ್ಚಲು ನೀರನ್ನು ನಿಲ್ಲಿಸುವ ಜಾಗವಲ್ಲ. ಹಂಡೆಯಲ್ಲಿ ಕಾದದ್ದನ್ನು ತಂಬಿಗೆಯಿಂದ ಮೈಮೇಲೆ ಸುರಿದುಕೊಳ್ಳುತ್ತೇವೆ. ಮೈ ಮುಟ್ಟಿದ ನೀರು ಮೋರಿ ದಾಟಿ ಬಾಳೆಗಿಡಕ್ಕೆ ಹೋಗುತ್ತದೆ, ಹಂಡೆಯೊಳಗಿನ ನೀರಿಗೆ ಯಾರ ಮೈಯೂ ತಾಗುವುದಿಲ್ಲ. ಹಾಗಾಗಿ ಹಂಡೆಗೆ ವರ್ಷಕ್ಕೊಂದು ದೊಡ್ಡ ಸ್ವಚ್ಛತೆ ಸಾಕಾಗುತ್ತಿತ್ತು. ದೀಪಾವಳಿಯ ಮುನ್ನಾದಿನ ನೀರು ತುಂಬುವ ಹಬ್ಬ. ಅಂದು ಹಂಡೆ ತಿಕ್ಕಿ, ಸುಣ್ಣ-ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ ಹೊಸ ನೀರು ತುಂಬಿದರೆ ಮುಂದಿನ ದೀಪಾವಳಿವರೆಗೆ ಚಿಂತೆಯಿಲ್ಲ.

ಮುಳುಗಿ ಕೂಡುವ ಪದ್ಧತಿ ನಮಗೆ ತೀರಾ ಹೊಸತೂ ಅಲ್ಲ. ಚರಕಸಂಹಿತೆ ಹೇಳುವ 13 ಬಗೆಯ ಸ್ವೇದಗಳಲ್ಲಿ ಮೈಮೇಲೆ ಬಿಸಿದ್ರವ ಸುರಿಯುವ ಪರಿಷೇಕವೂ ಇದೆ, ಬಿಸಿದ್ರವದ ದೋಣಿಯಲ್ಲಿ ಕೂಡಿಸುವ ಅವಗಾಹವೂ ಇದೆ. ಎರಡನೆಯದು ವೈದ್ಯರ ಕೋಣೆಯಲ್ಲೇ ಉಳಿಯಿತು, ಮನೆಯ ಬಚ್ಚಲಿಗೆ ಬಂದದ್ದು ಸುರಿದುಕೊಳ್ಳುವುದು ಮಾತ್ರ. ಅರಮನೆಗಳ ಮಾತು ಬೇರೆ. ಬೀದರ್ ಕೋಟೆಗೆ ಹೋದವರು ನೋಡುವ ಪುರಾತತ್ವ ವಸ್ತುಸಂಗ್ರಹಾಲಯ ಇರುವುದೇ ಅಲ್ಲಿನ ಹಳೆಯ ಶಾಹಿ ಹಮಾಮಿನ ಕಟ್ಟಡದಲ್ಲಿ. ಬಿಸಿನೀರಿನಲ್ಲಿ ಮುಳುಗುವುದನ್ನು ದಿನದ ರೂಢಿ ಮಾಡಿಕೊಂಡವರೆಂದರೆ ಜಪಾನಿನ ಸಾಮಾನ್ಯ ಜನ. ಅವರಲ್ಲಿ ಗೋಎಮೊನ್‌ಬುರೊ ಎಂಬ ಹಳೆಯ ಕಾಲದ ತೊಟ್ಟಿಯೊಂದಿದೆ. ದೊಡ್ಡ ಕಬ್ಬಿಣದ ಕೊಪ್ಪರಿಗೆ, ಅದರ ಕೆಳಗೇ ಒಲೆ. ನೀರಿನ ಮೇಲೆ ಗುಂಡನೆಯ ಮರದ ಹಲಗೆಯೊಂದು ತೇಲುತ್ತಿರುತ್ತದೆ. ಅದರ ಮೇಲೆ ಕಾಲಿಟ್ಟು ಭಾರ ಹಾಕಿದರೆ ಹಲಗೆ ಮೆಲ್ಲಗೆ ತಳಕ್ಕಿಳಿದು, ಕೂತವರ ಅಂಗಾಲು ಕಾದ ಲೋಹಕ್ಕೆ ತಾಗದಂತೆ ತಡೆಯುತ್ತದೆ. ನಮ್ಮ ಹಂಡೆಯೊಳಗೇ ಇಳಿದು ಕೂತ ಹಾಗೆ! ಆದರೆ ಅವರು ತೊಟ್ಟಿಗೆ ಇಳಿಯುವ ಮೊದಲು ಹೊರಗೆ ಕೂತು ಸೋಪು ಹಚ್ಚಿ ಪೂರ್ತಿ ಸ್ನಾನ ಮುಗಿಸಿರುತ್ತಾರೆ. ತೊಟ್ಟಿ ಇರುವುದು ಮೈ ತೊಳೆಯಲು ಅಲ್ಲ, ತೊಳೆದ ಮೈ ಕಾಯಿಸಿಕೊಳ್ಳಲು. ಈ ಒಂದು ನಿಯಮವನ್ನು ಬಿಟ್ಟು ತೊಟ್ಟಿಯನ್ನಷ್ಟೇ ತಂದುಕೊಂಡರೆ ಮುಂದಿನ ರಗಳೆಗಳೆಲ್ಲ ಶುರು.

ಮೊದಲು ಬಿಸಿಯ ಲೆಕ್ಕ ಮುಗಿಸೋಣ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲೊರಿ ಬೇಕು. 860 ಕಿಲೋಕ್ಯಾಲೊರಿ ಸೇರಿದರೆ ಕರೆಂಟಿನ ಒಂದು ಯೂನಿಟ್. ಇದು ನಮ್ಮದೇ ವಿದ್ಯಾನಗರದ ಬಿ.ವಿ.ಬಿ. ಕಾಲೇಜಿನ, ಈಗಿನ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದ, ಮೊದಲ ವರ್ಷದ ಹುಡುಗರೂ ಮಾಡುವ ಲೆಕ್ಕ. ನಾಲ್ಕು ಜನ ಎದುರುಬದುರು ಕೂಡುವ ಅಮೆರಿಕನ್ ಮಾದರಿಯ ತೊಟ್ಟಿಗೆ ಸುಮಾರು 1000 ಲೀಟರ್ ಹಿಡಿಯಿರಿ. 25 ಡಿಗ್ರಿಯ ನೀರನ್ನು 40ಕ್ಕೆ ಏರಿಸಲು ಹದಿನೇಳೂವರೆ ಯೂನಿಟ್ ಬೇಕು. ಮೂರು ಕಿಲೋವಾಟ್ ಗೀಜರ್ ಹಾಕಿದರೂ ಆರು ತಾಸು. ತಣ್ಣಗಾಗದಂತೆ ಇಡುವ ಖರ್ಚು ಬೇರೆ. ಒಬ್ಬರು ಕೂಡುವ 400 ಲೀಟರಿನ ತೊಟ್ಟಿಯಾದರೆ ಏಳು ಯೂನಿಟ್ ಸಾಕು. ಅದನ್ನೂ ದಿನಾ ಕರೆಂಟಿನಿಂದಲೇ ಕಾಯಿಸಿದರೆ ತಿಂಗಳಿಗೆ 210 ಯೂನಿಟ್. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ 200 ಯೂನಿಟ್ ಮಿತಿಯನ್ನು ಸ್ನಾನದ ಮನೆಯೊಂದೇ ದಾಟಿಬಿಡುತ್ತದೆ. ಆಮೇಲೆ ಹೆಸ್ಕಾಂ ಬಿಲ್ ನೋಡಿದರೆ ಬಿಸಿನೀರಿನಲ್ಲಿ ಕೂತವರಿಗೂ ಮೈ ನಡುಗೀತು.

ಆದರೆ ಮಾಳಿಗೆಯ ಮೇಲೆ ಈಗಾಗಲೇ 200 ಲೀಟರಿನ ಸೋಲಾರ್ ಇದೆಯಲ್ಲ? ಡಿಸೆಂಬರಿನ ನಿಚ್ಚಳ ಬಿಸಿಲಿನಲ್ಲಿ ಸಂಜೆ ಹೊತ್ತಿಗೆ ಅದರ ಟಾಕಿ 60 ಡಿಗ್ರಿ ಮುಟ್ಟುತ್ತದೆ. ಆ 200 ಲೀಟರಿಗೆ ಅಷ್ಟೇ ತಣ್ಣೀರು ಬೆರೆಸಿದರೆ 400 ಲೀಟರ್ ನೀರು ನಲವತ್ತೆರಡೂವರೆ ಡಿಗ್ರಿಯಲ್ಲಿ ಸಿಗುತ್ತದೆ. ತೊಟ್ಟಿಯ ಗೋಡೆ ಕುಡಿಯುವ ಎರಡು-ಮೂರು ಡಿಗ್ರಿ ಕಳೆದರೆ ಕೂಡಲು ಹದವಾದ 40. ಒಂದು ಯೂನಿಟ್ ಕರೆಂಟೂ ಬೇಡ. ಆದ್ದರಿಂದ ತೊಟ್ಟಿಯ ಅಳತೆಯನ್ನು ಆಸೆಯಿಂದ ಹಿಡಿಯಬೇಡಿ, ಮಾಳಿಗೆಯ ಮೇಲಿನ ಟಾಕಿಯಿಂದ ಹಿಡಿಯಿರಿ. ಇನ್ನೂ ಒಂದು ಅನುಕೂಲ ನಮ್ಮ ಊರಿಗಿದೆ. ಮಲೆನಾಡಿನಲ್ಲಿ ಬಿಸಿನೀರು ಬೇಕೆನಿಸುವ ಮಳೆಗಾಲದಲ್ಲಿ ಬಿಸಿಲೇ ಇರುವುದಿಲ್ಲ. ಹುಬ್ಬಳ್ಳಿಯಲ್ಲಿ ತೊಟ್ಟಿ ಬೇಕೆನಿಸುವುದು ಮಾಗಿಯ ಚಳಿಯಲ್ಲಿ, ಆಗ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಏಪ್ರಿಲಿನಲ್ಲಂತೂ ನಲ್ಲಿ ತಿರುಗಿಸಿದರೆ ಬರುವುದೇ ಬಿಸಿನೀರು, ಆಗ ತಣ್ಣನೆಯ ತೊಟ್ಟಿ ಎಲ್ಲಿದೆ ಎಂದು ಹುಡುಕುತ್ತೇವೆ.

ಉರಿಯ ಮೋಹ ಬಿಡದವರಿಗೆ ಗುಜರಿಗೆ ಹೋಗದೆ ಉಳಿದ ಬಂಬವೇ ಒಳ್ಳೆಯ ಯಂತ್ರ. ಅದರ ರಚನೆ ಒಮ್ಮೆ ಹತ್ತಿರದಿಂದ ನೋಡಿ. ಕೆಳಗೆ ಜಾಳಿಗೆ, ಅದರ ಮೇಲೆ ಕೆಂಡ. ನಟ್ಟನಡುವೆ ಹೊಗೆ ಹೋಗುವ ಕೊಳವೆ, ಕೊಳವೆಯ ಸುತ್ತ ನೀರು. ಉರಿ ನೀರಿನ ಕೆಳಗಷ್ಟೇ ಅಲ್ಲ, ಅದರ ಹೊಟ್ಟೆಯೊಳಗೇ ಹಾದುಹೋಗುತ್ತದೆ. ಅದಕ್ಕೇ ಹಂಡೆಗಿಂತ ಕಡಿಮೆ ಕಟ್ಟಿಗೆಯಲ್ಲಿ ಕಾಯುತ್ತದೆ. ಈ ಬಂಬಕ್ಕೆ ಎರಡು ತೂತು ಹೊಡೆಸಿ ತೊಟ್ಟಿಗೆ ಜೋಡಿಸಿದರೆ ಪಂಪೇ ಇಲ್ಲದೆ ನೀರು ಸುತ್ತುತ್ತದೆ. ತೊಟ್ಟಿಯ ತಳದಿಂದ ಒಂದು ಪೈಪು ಬಂಬದ ತಳಕ್ಕೆ. ಬಂಬದ ನೆತ್ತಿಯಿಂದ ಇನ್ನೊಂದು ಪೈಪು ಏರುತ್ತ ಹೋಗಿ ತೊಟ್ಟಿಯ ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ. ಬಂಬ ತೊಟ್ಟಿಗಿಂತ ತಗ್ಗಿನಲ್ಲಿರಬೇಕು. ಕಾದ ನೀರು ಹಗುರಾಗಿ ಮೇಲಿನ ಪೈಪು ಹಿಡಿದರೆ ತಣ್ಣನೆಯದು ಕೆಳಗಿನಿಂದ ಅದರ ಜಾಗಕ್ಕೆ ಬರುತ್ತದೆ. ಮಾಳಿಗೆಯ ಸೋಲಾರ್ ನಡೆಯುವುದೂ ಇದೇ ತತ್ವದ ಮೇಲೆ.

ಇಲ್ಲಿ ಮೂರು ಮಾತು ಕಡ್ಡಾಯ. ಬಂಬಕ್ಕೂ ತೊಟ್ಟಿಗೂ ನಡುವೆ ವಾಲ್ವ್ ಕೂಡಿಸಬೇಡಿ. ಯಾರೋ ಒಬ್ಬರು ಮುಚ್ಚಿ ಮರೆತರೆ ಒಳಗೆ ಕೂಡಿದ ಹಬೆ ಬಂಬವನ್ನೇ ಸೀಳುತ್ತದೆ. ಎರಡೂ ಪೈಪಿನ ಬಾಯಿ ನೀರಲ್ಲಿ ಮುಳುಗುವವರೆಗೆ ಕಡ್ಡಿ ಗೀರಬೇಡಿ. ಉರಿಯ ಹತ್ತಿರ ಪಿವಿಸಿ ಪೈಪು ಬೇಡವೇ ಬೇಡ. ಉರುವಲಿಗೆ ನಮ್ಮ ಕಡೆ ಹತ್ತಿಕಟ್ಟಿಗೆ, ತೆಂಗಿನ ಚಿಪ್ಪು ಧಾರಾಳ. ಒಣಗಿದ ಕಟ್ಟಿಗೆಯ ಶಾಖದಲ್ಲಿ ಅರ್ಧಕ್ಕರ್ಧ ಹೊಗೆಯಲ್ಲಿ ಹೋಗುತ್ತದೆಂದು ಹಿಡಿದರೂ 400 ಲೀಟರಿಗೆ ನಾಲ್ಕೈದು ಕಿಲೋ ಸಾಕು. ಹೊಗೆ ಪಕ್ಕದ ಮನೆಯ ಒಣಹಾಕಿದ ಬಟ್ಟೆಗೆ ಹೋಗುತ್ತದೆ ಎಂಬುದು ಮಾತ್ರ ನೆನಪಿರಲಿ. ವಿದ್ಯಾನಗರದ ಕಾಂಪೌಂಡುಗಳು ಮೊದಲಿನಷ್ಟು ದೂರ ದೂರ ಉಳಿದಿಲ್ಲ.

ಇನ್ನು ಕಟ್ಟುವ ಕೆಲಸ. ‘ಮಾಳಿಗೆ ಮೇಲೆ ಕಟ್ಟಿಸಿದರೆ ಉಣಕಲ್ ಕೆರೆ ಕಾಣಿಸ್ತದ’ ಎನ್ನುವವರಿಗೆ ಒಂದೇ ಲೆಕ್ಕ ಹೇಳುತ್ತೇನೆ. ನೀರಿನ ಆಳ 65 ಸೆಂಟಿಮೀಟರ್ ಎಂದರೆ ತೊಟ್ಟಿ ಚಿಕ್ಕದಿರಲಿ ದೊಡ್ಡದಿರಲಿ, ಪ್ರತಿ ಚದರ ಮೀಟರಿಗೆ 650 ಕಿಲೋ ಭಾರ. ಮೇಲೆ ಗೋಡೆಯ ತೂಕ, ಕೂತವರ ತೂಕ. ಭಾರತೀಯ ಮಾನಕದ ಪ್ರಕಾರ ವಾಸದ ಮನೆಯ ಸ್ಲ್ಯಾಬನ್ನು ಜನ, ಸಾಮಾನುಗಳ ಭಾರಕ್ಕೆಂದು ಲೆಕ್ಕ ಹಾಕುವುದು ಚದರ ಮೀಟರಿಗೆ ಸುಮಾರು 200 ಕಿಲೋಗೆ. ಮಾಳಿಗೆಗೆ ಅದಕ್ಕಿಂತಲೂ ಕಡಿಮೆ. ಸಿಂಟೆಕ್ಸ್ ಟಾಕಿ ನಿಂತಿದೆಯಲ್ಲ ಎಂದರೆ, ಸರಿಯಾಗಿ ಕಟ್ಟಿದ ಮನೆಯಲ್ಲಿ ಅದು ನಿಂತಿರುವುದು ಕಂಬ-ತೊಲೆಗಳ ನೆತ್ತಿಯ ಮೇಲೆ, ಬರೀ ಸ್ಲ್ಯಾಬಿನ ಮೇಲಲ್ಲ. ತೊಟ್ಟಿ ನೆಲದ ಮೇಲೇ ಇರಲಿ.

ನೆಲದ್ದೂ ಒಂದು ತಕರಾರಿದೆ. ಹುಬ್ಬಳ್ಳಿ ಸುತ್ತಿನ ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರ ಮೇಲೆ ನೇರವಾಗಿ ಕಟ್ಟಿದ ತೊಟ್ಟಿ ಎರಡನೆಯ ಬೇಸಿಗೆ ಕಾಣುವುದು ಅನುಮಾನ. ಎರೆಮಣ್ಣು ಸಿಕ್ಕರೆ ಆದಷ್ಟು ಅಗೆದು ತೆಗೆದು, ಗರಸು ತುಂಬಿ, ಪದರ ಪದರಕ್ಕೂ ನೀರು ಹೊಡೆದು ಧಮ್ಮಸ್ಸು ಮಾಡಿಸಿ, ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸು ಹಾಕಿಸಬೇಕು.

ಒಳ ಅಳತೆ ಒಂದು ಮೀಟರ್ ಉದ್ದ, 70 ಸೆಂಟಿಮೀಟರ್ ಅಗಲ, 75 ಸೆಂಟಿಮೀಟರ್ ಆಳ. 65ರವರೆಗೆ ನೀರು ಬಂದರೆ 455 ಲೀಟರ್; ಅದರಲ್ಲಿ ಕೂತವರ ಮೈಯೇ ಐವತ್ತು-ಅರವತ್ತು ಲೀಟರ್ ಜಾಗ ಹಿಡಿಯುತ್ತದೆ, ತುಂಬಬೇಕಾದ್ದು 400. ಕಾಲು ಚಾಚಿ ಮಲಗುವ ತೊಟ್ಟಿ ಇದಲ್ಲ, ಮೊಣಕಾಲು ಮಡಚಿ ಕೂಡುವುದು. ಆಳದ ತೊಟ್ಟಿಯಲ್ಲಿ ಮೇಲ್ಮೈ ಕಡಿಮೆ, ಹಾಗಾಗಿ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ತಳ ಒಂದು ಮೂಲೆಗೆ ಇಳಿಜಾರಿರಬೇಕು, ಆ ಮೂಲೆಯಲ್ಲಿ ಎರಡಿಂಚಿನ ಡ್ರೇನ್. ಕೊನೆಯ ಲೋಟ ನೀರೂ ತಾನಾಗಿ ಹರಿದುಹೋಗದಿದ್ದರೆ ಕಟ್ಟಿದ್ದು ಸರಿಯಾಗಿಲ್ಲ ಎಂದೇ ಅರ್ಥ. ಗೋಡೆ, ತಳ ಸೇರುವ ಕಡೆ ಚೂಪು ಮೂಲೆ ಬೇಡ. ಪ್ಲಾಸ್ಟರನ್ನು ದುಂಡಗೆ ತಿರುವಿಸಬೇಕು. ಬಿರುಕು ಶುರುವಾಗುವುದೂ ಪಾಚಿ ಕೂಡುವುದೂ ಅಲ್ಲಿಯೇ. ಅನುಭವಸ್ಥ ಗೌಂಡಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ನಮ್ಮ ಓಣಿಯಲ್ಲಿ ಸಂಪು, ಟಾಕಿ ಕಟ್ಟುತ್ತ ತಲೆ ನರೆತ ಒಬ್ಬರು ಅಳತೆ ಕೇಳಿದ ಕೂಡಲೇ ಹೇಳಿದ್ದು: “ಟಾಕಿ ಕಟ್ಟೂದು ನಮಗ ಹೊಸಾದಲ್ಲರೀ ಸರ. ಒಳಗ ಮನಷ್ಯಾ ಕುಂಡ್ರತಾನ ಅಂದ್ರ ಅಂಚೂ ದುಂಡಗ ಮಾಡಬೇಕು, ಇಲ್ಲಂದ್ರ ಬೆನ್ನ ಕೆತ್ತತೈತಿ.” ಯಾವ ಪುಸ್ತಕದಲ್ಲೂ ನನಗೆ ಕಾಣದ ಮಾತು.

ವಾಟರ್‌ಪ್ರೂಫ್ ಪ್ಲಾಸ್ಟರ್ ಆದ ಮೇಲೆ ಎರಡು ವಾರ ಕ್ಯೂರಿಂಗ್. ಅದರ ಮೇಲೆ ಹೊಳಪಿನ ಟೈಲ್ಸ್ ಹಾಕಿಸಿ, ಸಂದಿಗೆ ಸಾದಾ ಸಿಮೆಂಟಿನ ಬದಲು ಎಪಾಕ್ಸಿ ತುಂಬಿಸಿ. ತಳಕ್ಕೆ ಮಾತ್ರ ಜಾರದಂಥ ಒರಟು ಟೈಲ್ಸ್. ಶಹಾಬಾದ್ ಫರಸಿ ಅಗ್ಗವೆಂದು ಆಸೆಪಡಬೇಡಿ, ಅದು ಸುಣ್ಣಕಲ್ಲು, ಆಮ್ಲ ತಾಗಿದರೆ ಸವೆಯುತ್ತದೆ. ಇಟ್ಟಂಗಿ ಗೋಡೆಯ ಎರಡು ಪದರದ ನಡುವೆ ಎರಡಿಂಚು ಥರ್ಮಾಕೋಲ್ ಇಟ್ಟರೆ ಬಿಸಿ ಉಳಿಯುತ್ತದೆ. ಹೊಸ ಸಿಮೆಂಟು ನೀರಿಗೆ ಸುಣ್ಣ ಬಿಡುವುದರಿಂದ ಮೊದಲ ಎರಡು-ಮೂರು ಸಲ ತುಂಬಿದ ನೀರನ್ನು ಹಾಗೇ ಚೆಲ್ಲಬೇಕು.

ಸೋರಿಕೆ ನೋಡುವುದಕ್ಕೆ ಒಂದು ಸರಳ ಉಪಾಯವಿದೆ. ತೊಟ್ಟಿ ತುಂಬಿ ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯಿರಿ. ಒಂದು ಬಕೆಟ್ಟಿಗೂ ನೀರು ತುಂಬಿ ಗೆರೆ ಎಳೆದು, ಅದನ್ನು ತೊಟ್ಟಿಯ ಪಕ್ಕದಲ್ಲೇ ಇಡಿ. ಎರಡು ದಿನ ಬಿಟ್ಟು ನೋಡಿ. ಎರಡರಲ್ಲೂ ಒಂದೇ ಸಮ ಇಳಿದಿದ್ದರೆ ಅದು ಬಿಸಿಲು, ಗಾಳಿ ಕುಡಿದ ನೀರು. ತೊಟ್ಟಿಯಲ್ಲಿ ಹೆಚ್ಚು ಇಳಿದಿದ್ದರೆ ಗೌಂಡಿಗೆ ಫೋನ್ ಮಾಡಿ. ಟೈಲ್ಸ್ ಹಾಕುವ ಮೊದಲೇ ಇದನ್ನು ಮಾಡಬೇಕು, ಆಮೇಲೆ ಅಲ್ಲ.

ಮುಚ್ಚಳದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ತೊಟ್ಟಿಯ ಬಿಸಿ ಹೆಚ್ಚಾಗಿ ಸೋರುವುದು ಗೋಡೆಯಿಂದಲ್ಲ, ಮೇಲ್ಮೈಯಿಂದ ಏಳುವ ಹಬೆಯಿಂದ. ಒಂದು ಲೀಟರ್ ನೀರು ಆವಿಯಾಗಿ ಹೋದರೆ ಉಳಿದ 400 ಲೀಟರಿನ ಬಿಸಿ ಸುಮಾರು ಒಂದೂವರೆ ಡಿಗ್ರಿ ಇಳಿಯುತ್ತದೆ. ಥರ್ಮಾಕೋಲ್ ಹಾಳೆಯನ್ನು ದಪ್ಪ ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎರಡು ಹಲಗೆಯ ನಡುವೆ ಕೂಡಿಸಿದರೆ ಸಾಕು. ಮಕ್ಕಳಿರುವ ಮನೆಯಲ್ಲಿ ಅದಕ್ಕೆ ಕೀಲಿ ಇರಲೇಬೇಕು. ಅರ್ಧ ಮೀಟರ್ ನೀರು ಒಂದು ಮಗುವಿಗೆ ಬಾವಿಯೇ.

ಕಟ್ಟಿದ್ದಾಯಿತು, ಕಾಯಿಸಿದ್ದಾಯಿತು. ಈಗ ನೀರಿನ ಮಾತು.

ಹುಬ್ಬಳ್ಳಿ-ಧಾರವಾಡ ಅವಳಿನಗರಕ್ಕೆ ನೀರು ಬರುವುದು ಸವದತ್ತಿ ಹತ್ತಿರದ ಮಲಪ್ರಭೆಯ ರೇಣುಕಾಸಾಗರದಿಂದ, ಒಂದಷ್ಟು ಕಲಘಟಗಿ ಕಡೆಯ ನೀರಸಾಗರದಿಂದ. ದಿನದ 24 ತಾಸೂ ನೀರು ಕೊಡುವ ಯೋಜನೆ 2008ರ ಹೊತ್ತಿಗೇ ಕೆಲವು ವಾರ್ಡುಗಳಲ್ಲಿ ಪ್ರಯೋಗವಾಗಿ ನಡೆದು ಹೆಸರು ಮಾಡಿತು. ಆದರೂ ಊರಿನ ಬಹಳಷ್ಟು ಓಣಿಗಳಲ್ಲಿ ‘ಇವತ್ತ ನೀರು ಬಂದಾವೇನ್ರೀ?’ ಎಂಬುದು ಇಂದಿಗೂ ಕುಶಲಪ್ರಶ್ನೆಯಷ್ಟೇ ಸಾಮಾನ್ಯ. ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಸರ್ಕಾರದ ಅಳತೆಗೋಲು. ಒಂದು ತೊಟ್ಟಿ ತುಂಬಿದರೆ ಮೂರು ಜನರ ಒಂದು ದಿನದ ಪಾಲು ಅದರೊಳಗೆ ಹೋಯಿತು. ಅಂದಮೇಲೆ ಇರುವುದು ಎರಡೇ ದಾರಿ: ಅದೇ ನೀರನ್ನು ವಾರಗಟ್ಟಲೆ ಇಟ್ಟುಕೊಳ್ಳುವುದು, ಇಲ್ಲವೆ ಬಳಸಿ ಬಿಟ್ಟು ಬಿಟ್ಟದ್ದನ್ನು ಇನ್ನೊಂದಕ್ಕೆ ಬಳಸುವುದು.

ಇಟ್ಟುಕೊಳ್ಳುವ ದಾರಿ ಅಂಗಡಿಯ ಹಾಟ್ ಟಬ್‌ಗಳದ್ದು. ಅದಕ್ಕೆ ಪಂಪು, ಫಿಲ್ಟರು, ಕ್ಲೋರಿನ್ ಮೂರೂ ಬೇಕು. 37ರಿಂದ 40 ಡಿಗ್ರಿಯ ನೀರು ನಮಗೆ ಎಷ್ಟು ಹಿತವೋ ರೋಗಾಣುಗಳಿಗೂ ಅಷ್ಟೇ ಹಿತ. ಬೆವರು, ಸತ್ತ ಚರ್ಮ, ಎಣ್ಣೆ ಅವಕ್ಕೆ ಊಟ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳುವಂತೆ ಹಾಟ್ ಟಬ್ ನೀರಿನಲ್ಲಿ ಕ್ಲೋರಿನ್ ಲೀಟರಿಗೆ ಕನಿಷ್ಠ 3 ಮಿಲಿಗ್ರಾಂ ಇರಬೇಕು, ಪಿಎಚ್ 7.0ರಿಂದ 7.8ರೊಳಗೆ. ನಮ್ಮ 400 ಲೀಟರಿಗೆ ಇದು 1.2 ಗ್ರಾಂ ಕ್ಲೋರಿನ್. ಒಳ್ಳೆಯ, ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇರುವುದರಿಂದ ಸುಮಾರು ನಾಲ್ಕು ಗ್ರಾಂ ಪುಡಿ. ಅದನ್ನು ಮಗ್ಗಿನಲ್ಲಿ ಕದಡಿ, ಸುಣ್ಣ ಕೆಳಗೆ ಕೂತ ಮೇಲೆ ತಿಳಿಯನ್ನು ಮಾತ್ರ ಹಾಕಬೇಕು. ಬಿಸಿನೀರಿನಲ್ಲಿ ಕ್ಲೋರಿನ್ ನಿಲ್ಲುವುದಿಲ್ಲ, ಒಬ್ಬರು ಕೂತೆದ್ದರೆ ಅರ್ಧ ಖರ್ಚು. ಅದಕ್ಕೇ ಪ್ರತಿ ಸಲ ಇಳಿಯುವ ಮೊದಲು ಪರೀಕ್ಷೆಯ ಪಟ್ಟಿ ಅದ್ದಿ ಬಣ್ಣ ನೋಡಬೇಕು. ನೀರು ತಿಳಿಯಾಗಿದೆ ಎಂದು ಕಣ್ಣಳತೆಯಲ್ಲಿ ಒಪ್ಪಿಕೊಳ್ಳುವಂತಿಲ್ಲ. ಹೀಗೆ ನೋಡಿಕೊಂಡರೂ ನೀರು ಸದಾ ಬಾಳುವುದಿಲ್ಲ. ಒಂದು ಒರಟು ಲೆಕ್ಕವಿದೆ: ಲೀಟರನ್ನು 12ರಿಂದ ಭಾಗಿಸಿ, ಬಂದದ್ದನ್ನು ದಿನಕ್ಕೆ ಕೂಡುವವರ ಸಂಖ್ಯೆಯಿಂದ ಭಾಗಿಸಿದರೆ ಎಷ್ಟು ದಿನಕ್ಕೊಮ್ಮೆ ಪೂರ್ತಿ ಬದಲಿಸಬೇಕೆಂದು ತಿಳಿಯುತ್ತದೆ. 400 ಲೀಟರ್, ದಿನಕ್ಕೆ ಇಬ್ಬರು ಎಂದರೆ ಹದಿನೇಳು ದಿನ ಕೂಡ ಪೂರ್ತಿ ಬರುವುದಿಲ್ಲ.

ನಮ್ಮ ಮನೆಗಳಲ್ಲಿ ಇದಕ್ಕೆ ದೊಡ್ಡ ಶತ್ರು ಎಣ್ಣೆ. ಎಳ್ಳೆಣ್ಣೆ ಹಚ್ಚಿಕೊಂಡು ನೇರ ತೊಟ್ಟಿಗೆ ಇಳಿದರೆ ಕ್ಲೋರಿನ್ ಎಲ್ಲ ಆ ಎಣ್ಣೆಯ ಹಿಂದೆ ಹೋಗುತ್ತದೆ, ನೀರಿನ ಅಂಚಿಗೆ ಸುತ್ತಲೂ ಜಿಡ್ಡಿನ ಪಟ್ಟೆ ಕೂಡುತ್ತದೆ. ಎಣ್ಣೆಸ್ನಾನದ ದಿನ ಮೊದಲು ಬಚ್ಚಲಿನಲ್ಲಿ ಶೀಗೇಪುಡಿಯಿಂದ ತಿಕ್ಕಿಕೊಂಡು ಆಮೇಲೆ ತೊಟ್ಟಿ. ನೀರಿನ ಮಟ್ಟದ ಗೆರೆಯ ಮೇಲೆ ಆಗಾಗ ಬೆರಳಾಡಿಸಿ ನೋಡಬೇಕು. ಟೈಲ್ಸ್ ಚರಚರ ಅಂದರೆ ಸರಿ. ಲೋಳೆಯಂತೆ ಜಾರಿದರೆ ಅದು ಸೂಕ್ಷ್ಮಜೀವಿಗಳು ಹಾಸಿಕೊಂಡ ಹಾಸಿಗೆ, ಒಳಗಿನ ಪೈಪಿನಲ್ಲೂ ಅದೇ ಇರುತ್ತದೆ, ಕ್ಲೋರಿನ್ ಅದನ್ನು ಸುಲಭಕ್ಕೆ ಭೇದಿಸುವುದಿಲ್ಲ. ಖಾಲಿ ಮಾಡಿ ತಿಕ್ಕುವುದೊಂದೇ ದಾರಿ. ಇನ್ನು ಕಾಯಿಸಲು ತಾಮ್ರದ ಬಂಬ ಇಟ್ಟವರು ಪಿಎಚ್ 7.2ಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಹುಳಿಯೇರಿದ ಕ್ಲೋರಿನ್ ನೀರು ತಾಮ್ರವನ್ನು ಕರಗಿಸಿ, ನರೆಗೂದಲಿಗೆ ಹಸಿರು ಬಣ್ಣ ಹಚ್ಚುತ್ತದೆ.

ಗುಳ್ಳೆ ಎಬ್ಬಿಸುವ ಜೆಟ್ ಬೇಕೆನ್ನುವವರು ಬಹಳ. ಅದರ ಹುಟ್ಟು ಕರುಣೆಯದು. ಅಮೆರಿಕದಲ್ಲಿ ಬಾವಿಯ ಪಂಪು ಮಾಡುತ್ತಿದ್ದ ಇಟಲಿ ಮೂಲದ ಜಕೂಜಿ ಸಹೋದರರಲ್ಲಿ ಕ್ಯಾಂಡಿಡೊ ಎಂಬವರ ಎಳೆಯ ಮಗನಿಗೆ ಸಂಧಿವಾತವಿತ್ತು. ಆಸ್ಪತ್ರೆಯಲ್ಲಿ ಕೊಡುವ ಜಲಚಿಕಿತ್ಸೆ ಮನೆಯಲ್ಲೂ ಸಿಗಲೆಂದು ಅವರು ಸ್ನಾನದ ತೊಟ್ಟಿಯಲ್ಲಿ ಇಳಿಬಿಡುವ ಪುಟ್ಟ ಪಂಪು ಮಾಡಿದರು. 1950ರ ದಶಕದಲ್ಲಿ ಅದು ಮಾರುಕಟ್ಟೆಗೂ ಬಂತು. ಆದರೆ ಗುಳ್ಳೆ ಒಡೆದಾಗ ಹಾರುವ ಸೂಕ್ಷ್ಮ ಹನಿಗಳು ನೀರಿನಲ್ಲಿದ್ದದ್ದನ್ನೆಲ್ಲ ಉಸಿರಿಗೆ ತರುತ್ತವೆ. 1999ರ ಫೆಬ್ರವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ಬೋವೆನ್‌ಕಾರ್ಸ್ಪೆಲ್ ಎಂಬ ಊರಿನ ಹೂವಿನ ಮೇಳದಲ್ಲಿ ಮಾರಾಟಕ್ಕಿಟ್ಟ ಗುಳ್ಳೆಯ ತೊಟ್ಟಿಯೊಂದರಿಂದ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯ ಹರಡಿ ಕನಿಷ್ಠ 32 ಜನ ಸತ್ತರು. ಯಾರೂ ಆ ತೊಟ್ಟಿಗೆ ಇಳಿದಿರಲಿಲ್ಲ, ಪಕ್ಕದಲ್ಲಿ ನಡೆದು ಹೋಗಿದ್ದರು ಅಷ್ಟೇ. ಗುಳ್ಳೆ ನೀರನ್ನು ಬೇಗ ತಣ್ಣಗೂ ಮಾಡುತ್ತದೆ. ಪಂಪು ನೀರೆಳೆಯುವ ಬಾಯಿಗೆ ಉದ್ದ ಕೂದಲು ಸಿಕ್ಕಿಕೊಳ್ಳುವ ಅಪಾಯ ಬೇರೆ. ಮನೆಯಲ್ಲಿ ಕಟ್ಟಿದ ತೊಟ್ಟಿಗೆ ಗುಳ್ಳೆ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಇಷ್ಟೆಲ್ಲ ಶಿಸ್ತು ಬರೆಯಲು ಸುಲಭ. ಮದುವೆ ಸೀಸನ್ನಿನಲ್ಲಿ ನೆಂಟರು ಬಂದು, ಹದಿನೈದು ದಿನ ತೊಟ್ಟಿಯ ಕಡೆ ಯಾರೂ ತಿರುಗಿ ನೋಡದ ಮನೆ ನಮ್ಮದು. ಹಾಗಾಗಿ ವಿದ್ಯಾನಗರಕ್ಕೆ ಎರಡನೆಯ ದಾರಿಯೇ ಸರಿ: ತುಂಬಿ, ಬಳಸಿ, ಬಿಡುವುದು. ವಾರಕ್ಕೊಮ್ಮೆ, ಭಾನುವಾರ ಸಂಜೆ. ಒಬ್ಬರಿಗೆ ಒಂದು ತೊಟ್ಟಿ ಅಲ್ಲ. ಎಲ್ಲರೂ ಬಚ್ಚಲಿನಲ್ಲಿ ಸ್ನಾನ ಮುಗಿಸಿ ಅದೇ ನೀರಿಗೆ ಸರದಿಯಂತೆ ಇಳಿಯುವುದು. ಮೈಮೇಲೆ ಗಾಯ, ತುರಿ, ಹೊಟ್ಟೆಕೆಟ್ಟ ಲಕ್ಷಣ ಇದ್ದವರು ಆ ವಾರ ಇಳಿಯಬಾರದು. ಅದೇ ದಿನ ತುಂಬಿ ಅದೇ ರಾತ್ರಿ ಮುಗಿಯುವ ನೀರಿಗೆ ಪಂಪು, ಫಿಲ್ಟರು, ಪಟ್ಟಿ ಯಾವುದೂ ಬೇಡ. ನಾಲ್ಕು ಜನರ ಮನೆ ವಾರಕ್ಕೆ ಬಳಸುವ ನೀರಿನಲ್ಲಿ ಇದು ಹತ್ತನೆಯ ಒಂದು ಪಾಲು. ಅದೂ ಹಾಳಾಗುವುದಿಲ್ಲ. ಜಪಾನಿನ ಮನೆಗಳಲ್ಲಿ ತೊಟ್ಟಿಯಲ್ಲುಳಿದ ನೀರನ್ನು ಸಣ್ಣ ಪಂಪಿನಿಂದ ವಾಷಿಂಗ್ ಮಷಿನ್‌ಗೆ ಏರಿಸುತ್ತಾರೆ. ನಮ್ಮಲ್ಲಿ ಸೋಮವಾರ ಬೆಳಗ್ಗೆ ಕಾಂಪೌಂಡ್ ತೊಳೆಯಲು, ಸ್ಕೂಟರ್ ತೊಳೆಯಲು, ತೆಂಗಿಗೆ, ದಾಸವಾಳಕ್ಕೆ ಆಗುತ್ತದೆ. ತೊಟ್ಟಿಯನ್ನು ಎರಡು ಅಡಿ ಎತ್ತರದ ಕಟ್ಟೆಯ ಮೇಲೆ ಕಟ್ಟಿಸಿದ್ದರೆ ಡ್ರೇನಿಗೆ ಪೈಪು ಚುಚ್ಚಿದರೆ ಸಾಕು, ನೀರು ತಾನೇ ಗಿಡದ ಬುಡಕ್ಕೆ ಹೋಗುತ್ತದೆ.

ಕೂಡುವವರಿಗೂ ಕಟ್ಟಳೆ ಇದೆ. ನೀರು 40 ಡಿಗ್ರಿ ದಾಟಬಾರದು, ಅದನ್ನು ಕೈಯಿಂದ ಅಲ್ಲ, ಥರ್ಮಾಮೀಟರಿನಿಂದ ನೋಡಬೇಕು. ಚಳಿಯಲ್ಲಿ ಕೈ ಸುಳ್ಳು ಹೇಳುತ್ತದೆ. ಹದಿನೈದು ನಿಮಿಷ ಸಾಕು. ಬಿಸಿನೀರಿನಲ್ಲಿ ರಕ್ತನಾಳಗಳು ಹಿಗ್ಗಿ ಒತ್ತಡ ಇಳಿಯುವುದರಿಂದ ಗಕ್ಕನೆ ಎದ್ದು ನಿಂತರೆ ತಲೆ ಸುತ್ತುತ್ತದೆ. ಬಿಪಿ ಮಾತ್ರೆ ನುಂಗುವವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇಳಿಯಬಾರದು. ಬಸುರಿಯರಿಗೆ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಬೇಡ. ಐದು ವರ್ಷದೊಳಗಿನ ಮಕ್ಕಳಿಗೂ ಬೇಡ. ಗುಂಡು ಹಾಕಿದವರನ್ನಂತೂ ತೊಟ್ಟಿಯ ಹತ್ತಿರವೂ ಬಿಡಬೇಡಿ. ಬಿಸಿ, ನಶೆ ಎರಡೂ ಸೇರಿ ತೂಕಡಿಕೆ ಬಂದರೆ ಮುಳುಗಲು 65 ಸೆಂಟಿಮೀಟರ್ ಧಾರಾಳ.

ಕರೆಂಟಿನ ವಿಷಯದಲ್ಲಿ ಒಂದೇ ಮಾತು. ಬಕೆಟ್ಟಿಗೆ ಹಾಕುವ ಕಾಯಿಲನ್ನು ತೊಟ್ಟಿಗೆ ಹಾಕಬೇಡಿ, ‘ತುಸು ಆರ್ಯಾವು, ಐದು ನಿಮಿಷ ಹಾಕೋಣ’ ಎಂದು ಕೂಡ. ಹತ್ತಿರದಲ್ಲಿ ಯಾವುದೇ ಪಂಪು, ದೀಪ ಇದ್ದರೆ ಅದರ ಸಾಲಿಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಮತ್ತು ಸರಿಯಾದ ಅರ್ಥಿಂಗ್ ಇರಲೇಬೇಕು. ತೊಟ್ಟಿ ಕೋಣೆಯೊಳಗಿದ್ದರೆ ಬಂಬವಾಗಲಿ ಗ್ಯಾಸ್ ಗೀಜರ್ ಆಗಲಿ ಹೊರಗೆ. ಮುಚ್ಚಿದ ಬಚ್ಚಲಿನಲ್ಲಿ ಗ್ಯಾಸ್ ಗೀಜರಿನ ಕಾರ್ಬನ್ ಮಾನಾಕ್ಸೈಡ್ ಕುಡಿದು ಸತ್ತವರ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಪ್ರತಿ ಚಳಿಗಾಲ ಬರುತ್ತಲೇ ಇದೆ. ಆ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ.

ಜೂನ್ ಬಂದು ಜಿಟಿಜಿಟಿ ಮಳೆ ಹಿಡಿದರೆ ಸೋಲಾರಿನ ಆಟ ಮುಗಿಯಿತು, ಸೆಪ್ಟೆಂಬರ್‌ವರೆಗೆ ತೊಟ್ಟಿಗೆ ರಜೆ ಕೊಡಿ. ಖಾಲಿ ಮಾಡಿ, ತಿಕ್ಕಿ, ಬಟ್ಟೆಯಿಂದ ಒರೆಸಿ, ಡ್ರೇನಿನ ಬಿರಡೆ ತೆಗೆದಿಟ್ಟು, ಸೊಳ್ಳೆಯೂ ಹೋಗದಂಥ ಜಾಳಿಗೆಯನ್ನು ಅದರ ಬಾಯಿಗೆ ಕಟ್ಟಿ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಬೇಕಾದ್ದು ಹೀಗೇ ಮುಚ್ಚಳ ಸರಿದ, ತಣ್ಣಗಾದ, ಮನೆಯವರು ಮರೆತ ಶುದ್ಧ ನೀರು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಲಾರ್ವ ಹುಡುಕುತ್ತ ಪಾಲಿಕೆಯವರು ಓಣಿಗೆ ಬಂದಾಗ ಮೊದಲು ನೋಡುವುದು ಟಾಕಿ, ಸಂಪು, ಹಿತ್ತಲ ತೊಟ್ಟಿಗಳನ್ನೇ. ಸೋಲಾರಿನ ಕೊಳವೆಗಳಲ್ಲಿ ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದೆಯೇ ಎಂದು ತೆಗೆಸಿ ನೋಡಲು, ಟೈಲ್ಸಿನ ಸಂದಿಯ ಎಪಾಕ್ಸಿ ಎಲ್ಲಾದರೂ ಎದ್ದಿದ್ದರೆ ತುಂಬಿಸಲು ಆ ನಾಲ್ಕು ತಿಂಗಳೇ ಒಳ್ಳೆಯ ಸಮಯ. ದಸರೆಯ ಹೊತ್ತಿಗೆ ಬಕೆಟ್ಟಿನ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ. ಎರೆಮಣ್ಣು ಉಬ್ಬಿ ಇಳಿಯುವಾಗ ತೊಟ್ಟಿಯನ್ನು ಅಲುಗಿಸಿದ್ದರೆ ಆಗ ಗೊತ್ತಾಗುತ್ತದೆ, ಗೌಂಡಿಯೂ ದೀಪಾವಳಿಯ ಸುಣ್ಣ-ಬಣ್ಣದ ಕೆಲಸ ಹಿಡಿಯುವ ಮೊದಲು ಕೈಗೆ ಸಿಗುತ್ತಾನೆ.